ಮೆಷಿನ್ ಬದುಕಿರುವವರೆಗೆ

"ಅತ್ತೆ, ಈ ಮೆಷಿನ್ ಬದುಕಿರೋವರೆಗೂ ಹುಲ್ಲು ಕತ್ತರಿಸೋ ಕೆಲಸ ನನ್ನದು. ನೀವು ಚಿಂತೆ ಬಿಡಿ."

ಸೊಸೆ ಈ ಮಾತು ಕೊಟ್ಟದ್ದು ಆ ಮನೆಗೆ ಬಂದ ಹೊಸದರಲ್ಲಿ, ಹಿತ್ತಿಲ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ. ಹೊಸ ಸೊಸೆಯರು ಆಡುವ ಮಾತಿನಲ್ಲಿ ಅರ್ಧ ಇಂಥವೇ ಇರುತ್ತವೆ. ಕೇಳಿಸಿಕೊಂಡವರು ಅವತ್ತೇ ಮರೆತರೆ ಯಾರಿಗೂ ತೊಂದರೆಯಿಲ್ಲ. ಹಾಗಂತ ಇವಳೇನೂ ಹಿಂದುಮುಂದು ನೋಡದೆ ಮಾತು ಕೊಟ್ಟವಳಲ್ಲ. ಬಾಯಿ ತೆರೆಯುವ ಮೊದಲು ಹುಲ್ಲು ಕತ್ತರಿಸುವ ಆ ಮೆಷಿನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ್ದಳು. ಹಿಡಿಕೆಯನ್ನು ತಂತಿ ಸುತ್ತಿ ಬಿಗಿದಿದ್ದರು. ನಾಲ್ಕು ಚಕ್ರಗಳಲ್ಲಿ ಒಂದು ಯಾವುದೋ ಮಗುವಿನ ಸೈಕಲ್ಲಿನದು. ಇಂಜಿನ್ನಿನ ಮುಚ್ಚಳ ಮೂಲದಲ್ಲಿ ಕೆಂಪಿತ್ತೋ ಹಸಿರಿತ್ತೋ ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡಿದರೆ ಅದು ಆಸ್ಪತ್ರೆಯ ವರಾಂಡದಲ್ಲಿ ಕೂತ ರೋಗಿಯಂತೆ ಕೆಮ್ಮುತ್ತಿತ್ತು. ಹೆಚ್ಚೆಂದರೆ ಇನ್ನೊಂದು ಬೇಸಿಗೆ ತಳ್ಳೀತು ಎಂದು ಮನಸ್ಸಿನಲ್ಲೇ ಅಂದಾಜು ಮಾಡಿ, ಆ ಅಂದಾಜಿನ ಧೈರ್ಯದ ಮೇಲೆ ಮಾತು ಕೊಟ್ಟಿದ್ದಳು.

ಆದರೆ ಒಂದು ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. "ಅಮ್ಮ ಕೆಲಸಕ್ಕೆ ಹೋಗ್ತಾಳೆ" ಎಂದಷ್ಟೇ ಗಂಡ ಅಂದಿದ್ದ. ಯಾವುದೋ ಆಫೀಸಿರಬೇಕು, ಮೇಜು ಕುರ್ಚಿ ಇರಬೇಕು ಎಂದುಕೊಂಡು ಇವಳೂ ಸುಮ್ಮನಾಗಿದ್ದಳು. ಅತ್ತೆ ಹೋಗುತ್ತಿದ್ದದ್ದು ನೀರಿನ ಪಂಪುಗಳ ಇಂಜಿನ್ ರಿಪೇರಿ ಮಾಡುವ ವರ್ಕ್‌ಶಾಪಿಗೆ. ಉಳಿದವರೆಲ್ಲ ಕೈಚೆಲ್ಲಿದ ಇಂಜಿನ್ನುಗಳು ಕೊನೆಗೆ ಅವರ ಬೆಂಚಿಗೆ ಬರುತ್ತಿದ್ದವು, ಬಂದವು ಓಡಿಕೊಂಡು ಹೋಗುತ್ತಿದ್ದವು. ತುರುಬಿಗೆ ಬೇರೆ ಹೆಂಗಸರು ಪಿನ್ನು ಚುಚ್ಚಿಕೊಂಡರೆ ಅತ್ತೆ ಸ್ಕ್ರೂಡ್ರೈವರ್ ಚುಚ್ಚಿಕೊಳ್ಳುತ್ತಿದ್ದರು. ಇವಳು ಅದನ್ನು ಕಂಡಾಗ ತಡವಾಗಿತ್ತು. ಮಾತು ಆಗಲೇ ಬಾಯಿಂದ ಜಾರಿತ್ತು, ಅತ್ತೆ ಅದನ್ನು ನಟ್ಟು ಬಿಗಿದ ಹಾಗೆ ಮನಸ್ಸಿನಲ್ಲಿ ಬಿಗಿದಿಟ್ಟುಕೊಂಡಿದ್ದರು.

ಆ ಹೊಸ ಸೊಸೆಗೆ ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಮಗಳು ಅವಳಿಗಿಂತ ಎತ್ತರ ಬೆಳೆದು, ಎದುರುತ್ತರದಲ್ಲಿ ಅಜ್ಜಿಯನ್ನೂ ಮೀರಿಸಿದ್ದಾಳೆ. ಅತ್ತೆ ಕೆಲಸದಿಂದ ನಿವೃತ್ತರಾಗಿ, ಒಂದು ಮೊಣಕಾಲಿಗೆ ಹೊಸ ಕೀಲು ಹಾಕಿಸಿಕೊಂಡು, ಬೀದಿಯವರ ಬಾಯಲ್ಲಿ ಸ್ಪ್ಯಾನರ್ ಅಜ್ಜಿ ಎನ್ನಿಸಿಕೊಂಡಿದ್ದಾರೆ. ಮೆಷಿನ್ ಮಾತ್ರ ಬದುಕೇ ಇದೆ.

ಅದು ಬದುಕಿರುವುದರಿಂದ ಯಾರಿಗೇನು ನಷ್ಟ ಎಂದು ಕೇಳಿದರೆ, ನಷ್ಟ ಸೊಸೆಯ ಭಾನುವಾರದ ಬೆಳಗಿನದು. ಅವಳ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ವಾರವೆಲ್ಲ ಬೆಳಕು ಹರಿಯುವ ಮೊದಲೇ ಎದ್ದು ಹೋಗಿ, ಒದ್ದೆ ಹೊದಿಕೆಗಳನ್ನು ಒಂದು ಡ್ರಮ್ಮಿನಿಂದ ಎಳೆದು ಇನ್ನೊಂದಕ್ಕೆ ತುಂಬುವ ಕೆಲಸ. ನೀರು ಕುಡಿದ ಹೊದಿಕೆ ಎಷ್ಟು ಭಾರ ಎಂಬುದು ಎತ್ತಿದವರಿಗೇ ಗೊತ್ತು. ರಜೆಯೆಂದರೆ ಭಾನುವಾರ ಒಂದೇ. ಆ ಒಂದು ಬೆಳಗ್ಗೆ ಮನಸಾರೆ ಮಲಗಬೇಕು ಎಂಬುದು ಬಿಟ್ಟರೆ ಅವಳಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಆದರೆ ಮನೆಯ ಓನರ್ ಹಾಕಿದ್ದು ಒಂದೇ ಷರತ್ತು: ಅಂಗಳದ ಹುಲ್ಲು ಪಾದ ಮುಚ್ಚುವಷ್ಟು ಬೆಳೆಯಕೂಡದು. ಮಧ್ಯಾಹ್ನ ಕತ್ತರಿಸೋಣವೆಂದರೆ ಪಕ್ಕದ ಮನೆಯ ನಿವೃತ್ತ ಮೇಷ್ಟರು ಮಲಗುತ್ತಾರೆ. ಸಂಜೆ ಕತ್ತರಿಸೋಣವೆಂದರೆ ಎದುರು ಮನೆಯ ಕೂಸು ಮಲಗುತ್ತದೆ. ಹೀಗೆ ಬೀದಿಯವರ ನಿದ್ದೆಯನ್ನೆಲ್ಲ ಕಾಪಾಡಿಕೊಂಡು ಬಂದವಳ ಸ್ವಂತ ನಿದ್ದೆ ಮಾತ್ರ ಯಾರ ಲೆಕ್ಕಕ್ಕೂ ಇರಲಿಲ್ಲ.

ಗಂಡ ಬೋರ್ಡು ಬರೆಯುವ ಪೇಂಟರ್. ಒಳ್ಳೆಯವನೇ. ಮದುವೆಗೆ ಮುಂಚೆ ಹುಲ್ಲು ಅವನೇ ಕತ್ತರಿಸುತ್ತಿದ್ದ, ಒಮ್ಮೆ ಕಲ್ಲಿನ ಮೇಲೆ ಹಾಯಿಸಿ ಬ್ಲೇಡು ಮುರಿದಿದ್ದ. ಅತ್ತೆ ಅವತ್ತೇ ಹುಕುಂ ಹೊರಡಿಸಿದ್ದರು: "ನಿನಗೆ ಇಂಜಿನ್ ಮೇಲೆ ಕರುಣೆ ಇಲ್ಲ ಕಣೋ. ಇನ್ನು ಮುಟ್ಟಬೇಡ." ಅವನು ಈ ಶಿಕ್ಷೆಯನ್ನು ಬಹಳ ವಿನಯದಿಂದ ಇವತ್ತಿನವರೆಗೂ ಅನುಭವಿಸಿಕೊಂಡು ಬಂದಿದ್ದಾನೆ.

ಹೀಗಿರುವಾಗ ಒಂದು ಭಾನುವಾರ, ಅಂಗಳದ ನಟ್ಟನಡುವೆ, ಮೆಷಿನ್ ನೀಲಿ ಹೊಗೆ ಉಗುಳಿತು. ಗೊರ್ ಎಂದಿತು, ಗೊರಕ್ ಎಂದಿತು, ನಿಂತೇ ಹೋಯಿತು. ಸೊಸೆ ಹಗ್ಗ ಎಳೆದಳು. ಹಗ್ಗ ಯಾವ ತಡೆಯೂ ಇಲ್ಲದೆ ಸಲೀಸಾಗಿ ಕೈಗೆ ಬಂತು. ಮತ್ತೆ ಎಳೆಯಬಹುದಿತ್ತು, ಎಳೆಯಲಿಲ್ಲ. ಸುತ್ತ ನೋಡಿ, ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡು ಒಳಗೆ ಹೋದಳು.

"ಅತ್ತೆ, ಹೋಗಿಬಿಡ್ತು."

"ಯಾರು?"

"ಮೆಷಿನ್ನು."

"ಪಾಪ, ಅಳಬೇಡಮ್ಮ," ಎಂದಳು ಮಗಳು, ತಟ್ಟೆಯಿಂದ ತಲೆ ಎತ್ತದೆ. "ಹಲ್ಲು ಕಾಣ್ತಾ ಇದೆ."

ಅತ್ತೆ ಎದ್ದು, ಅಡುಗೆಮನೆಯಿಂದ ಒಂದು ಚಮಚ ತೆಗೆದುಕೊಂಡು ಹೊರಗೆ ನಡೆದರು. ತುರುಬಿನಿಂದ ಸ್ಕ್ರೂಡ್ರೈವರ್ ಕಿತ್ತು ಇಂಜಿನ್ನಿನ ಮುಚ್ಚಳ ತೆಗೆದರು. ಪ್ಲಗ್ಗು ಬಿಚ್ಚಿ, ಆ ತೂತಿನೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಪ್ಲಗ್ಗನ್ನು ಮತ್ತೆ ಬಿಗಿದು ಹಗ್ಗ ಎಳೆದರು. ಈಗ ಹಗ್ಗ ಬಿಗಿಯಾಯಿತು. ಒಳಗೆ ಯಾರೋ ಹಿಡಿದು ಜಗ್ಗಿದ ಹಾಗೆ. ಅತ್ತೆಯ ಮುಖ ಅರಳಿತು, ಸೊಸೆಯ ಮುಖ ಈಗ ನಿಜವಾಗಿಯೂ ಸಪ್ಪಗಾಯಿತು.

"ನೋಡು, ಎಣ್ಣೆ ಬಿಟ್ಟ ತಕ್ಷಣ ಹಿಡೀತು. ಪಿಸ್ಟನ್ ರಿಂಗು ಸವೆದಿದೆ ಅಷ್ಟೇ. ಇದಕ್ಕೆಲ್ಲ ಹೋಗಿಬಿಡ್ತು ಅಂತಾರೇನೇ? ಬಿಡ್ತು ಅನ್ನು."

"ಅಜ್ಜಿ, ಅದು ನಾನು ತಿನ್ನೋ ಚಮಚ!"

"ತೊಳೆದ್ರೆ ಹೋಗುತ್ತೆ. ಇಂಜಿನ್ ಬಿಚ್ಚಿದ ಕೈಯಲ್ಲೇ ನಾನು ಉಣ್ಣಲ್ವಾ?"

ಆ ಸಂಜೆ ಊಟಕ್ಕೆ ಕೂತಾಗ ಸೊಸೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಬ್ಯಾಟರಿ ಮೆಷಿನ್. ಹಗುರ. ಶಬ್ದವಿಲ್ಲ, ಹಗ್ಗವಿಲ್ಲ, ಹೊಗೆಯಿಲ್ಲ. ಯಾವ ಹೊತ್ತಿನಲ್ಲಿ ಕತ್ತರಿಸಿದರೂ ಮೇಷ್ಟರ ಗೊರಕೆಗೂ ಭಂಗವಿಲ್ಲ.

"ಇದಾದ್ರೆ ಕಾಲೇಜಿಂದ ಬಂದು ನಾನೇ ಕತ್ತರಿಸ್ತೀನಿ," ಎಂದಳು ಮಗಳು. "ಆ ಡೈನೋಸಾರ್‌ನ ಮಾತ್ರ ನಾನು ಮುಟ್ಟಲ್ಲ."

ಅತ್ತೆ ಚಿತ್ರವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಇದರ ಇಂಜಿನ್ ಎಲ್ಲಿ?"

"ಇಂಜಿನ್ ಇಲ್ಲ ಅತ್ತೆ. ಮೋಟರು."

"ಇಂಜಿನ್ ಇಲ್ಲದ ಮೇಲೆ ಅದಕ್ಕೆ ಕಾಯಿಲೆ ಬಂದ್ರೆ ಏನು ಬಿಚ್ಚೋದು?"

"ಬಿಚ್ಚೋ ಹಾಗೇ ಇಲ್ಲ. ಕಾಯಿಲೆ ಬಂದ್ರೆ ಬಿಸಾಕಿ ಬೇರೆ ತರೋದು."

ಬಿಸಾಕುವುದು ಎಂಬ ಮಾತು ಕೇಳಿ ಅತ್ತೆ ಊಟ ನಿಲ್ಲಿಸಿದರು. ಒಂದು ರಾಜಿ ಮುಂದಿಟ್ಟರು. ರಿಂಗು ಸಿಗದಿದ್ದರೆ ಬೇಡ, ಬೇರೆ ಇಂಜಿನ್ ತರೋಣ. ಹಳೇ ಮೆಷಿನ್ನಿನ ಮೇಲೇ ಕೂರಿಸೋಣ. ಹಿಡಿಕೆ, ಚಕ್ರ, ಬ್ಲೇಡು ಎಲ್ಲ ಇದ್ದದ್ದೇ ಇರಲಿ.

"ಆಗ ಹಳೇ ಮೆಷಿನ್ ಸತ್ತ ಹಾಗೇ ಲೆಕ್ಕ," ಎಂದಳು ಸೊಸೆ ತಟ್ಟನೆ.

"ಅದು ಹೇಗೆ? ನನ್ನ ಮೊಣಕಾಲಿಗೆ ಹೊಸದು ಹಾಕಿಸಿದ್ರಲ್ಲ. ನಾನು ಸತ್ತೋದ್ನಾ?"

"ಮೊಣಕಾಲು ಬೇರೆ ಅತ್ತೆ, ಇಂಜಿನ್ ಬೇರೆ. ಇಂಜಿನ್ ಅಂದ್ರೆ ಹಾರ್ಟು ಇದ್ದ ಹಾಗೆ."

"ಹಾರ್ಟು ಬದಲಾಯಿಸಿಕೊಂಡವರೂ ಎದ್ದು ಮನೆಗೆ ಹೋಗ್ತಾರೆ. ನಿಮ್ಮ ಆಸ್ಪತ್ರೇಲೇ ಮಾಡ್ತಾರಂತೆ. ಅವರ ಹೊದಿಕೆ ಒಗೆಯೋಳು ನೀನೇ ಅಲ್ವೇನೇ?"

ಸೊಸೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಗಂಡನ ಕಡೆ ನೋಡಿದಳು. ಅವನು ನೀರಿನ ಲೋಟದೊಳಗೆ ನೋಡಿಕೊಂಡು, "ಅಮ್ಮ ಹೇಳೋದ್ರಲ್ಲೂ ಅರ್ಥ ಇದೆ, ನೀನು ಹೇಳೋದ್ರಲ್ಲೂ ಅರ್ಥ ಇದೆ," ಎಂದ. ಬೋರ್ಡಿನ ಮೇಲೆ ಅಷ್ಟು ದಪ್ಪಕ್ಷರ ಬರೆಯುವವನ ಬಾಯಿಂದ ಒಂದು ದಪ್ಪ ಮಾತು ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿಲ್ಲ.

ಕೊನೆಗೆ ಮಗಳೇ ತೀರ್ಪು ಕೊಟ್ಟಳು. "ಹೊರಗಿನವರು ಯಾರಾದ್ರೂ ನೋಡಿ ಹೇಳಲಿ. ಬದುಕಿದೆ ಅಂದ್ರೆ ರಿಪೇರಿ. ಸತ್ತಿದೆ ಅಂದ್ರೆ ಬ್ಯಾಟರಿ. ಆಮೇಲೆ ಇಬ್ಬರೂ ತುಟಿ ಪಿಟಕ್ ಅನ್ನಬಾರದು."

ಹೊರಗಿನವನು ಎಂದರೆ ಬಸ್ ಸ್ಟಾಪಿನ ಪಕ್ಕ ಈಚೆಗೆ ವರ್ಕ್‌ಶಾಪು ತೆರೆದವನು. ಅವನ ಅಂಗಿಯ ಬಣ್ಣ ನೋಡಿ ಬೀದಿಯವರು ಗ್ರೀಸಣ್ಣ ಎಂದು ಕರೆಯುತ್ತಿದ್ದರು. ಸೊಸೆ ಮರುದಿನವೇ ಕೆಲಸ ಮುಗಿಸಿ ಬರುವ ದಾರಿಯಲ್ಲಿ ಅಲ್ಲಿಗೆ ಹೋದಳು. ಅನ್ಯಾಯ ಮಾಡುವ ಉದ್ದೇಶವೇನೂ ಇರಲಿಲ್ಲ. ನ್ಯಾಯ ತನ್ನ ಕಡೆ ವಾಲುವ ಹಾಗೆ ಸ್ವಲ್ಪ ತಳ್ಳೋಣ ಅಂತಷ್ಟೇ.

"ಅಣ್ಣ, ಶನಿವಾರ ಒಂದು ಹುಲ್ಲು ಮೆಷಿನ್ ಬರುತ್ತೆ. ಅದು ಸತ್ತಿದೆ ಅಂತ ಹೇಳ್ಬೇಕು."

"ನೋಡದೇನೇ ಹೇಗಕ್ಕ ಹೇಳೋದು?"

"ನೋಡಿಯೇ ಹೇಳಿ. ಆದ್ರೆ ಸತ್ತಿದೆ ಅಂತಲೇ ಹೇಳಿ."

ನೀಲಿ ಹೊಗೆ, ಆಯಿಲ್ ಕುಡಿಯುವುದು, ಮಗುವಿನ ಸೈಕಲ್ಲಿನ ಚಕ್ರ, ಎಲ್ಲವನ್ನೂ ಅವಳು ವಿವರಿಸಿದಳು. ಗ್ರೀಸಣ್ಣ ಕೇಳುತ್ತ ಕೇಳುತ್ತ ಕರಗಿಹೋದ. "ಅಯ್ಯೋ, ಅದು ಯಾವಾಗಲೋ ಸತ್ತಿದೆ ಬಿಡಿ ಅಕ್ಕ. ಇದರಲ್ಲಿ ಸುಳ್ಳು ಹೇಳೋಕೇನೂ ಉಳಿದಿಲ್ಲ. ಇಂಥದ್ದನ್ನ ಯಾರು ಇಷ್ಟು ವರ್ಷ ಓಡಿಸಿದ್ದು? ಅವರಿಗೆ ಕೈ ಮುಗೀಬೇಕು."

ಸೊಸೆ ಹಾಡು ಗುನುಗುತ್ತ ಮನೆಗೆ ಬಂದಳು. ಅತ್ತೆಗೆ ಅವತ್ತು ಎರಡು ಸಲ ಕಾಫಿ ಮಾಡಿಕೊಟ್ಟಳು.

ಶನಿವಾರ ಅರ್ಧ ದಿನ ರಜೆ ಹಾಕಿ, ಅತ್ತೆಯ ಜೊತೆ ಮೆಷಿನ್ನನ್ನು ಬೀದಿಯುದ್ದಕ್ಕೂ ತಳ್ಳಿಕೊಂಡು ಹೋದಳು. ಸೈಕಲ್ಲಿನ ಚಕ್ರ ಕಿರ್ರೋ ಎಂದು ಅಳುತ್ತಿತ್ತು. ವರ್ಕ್‌ಶಾಪಿನ ಬಾಗಿಲಲ್ಲಿ ಗ್ರೀಸಣ್ಣ ತಲೆ ಎತ್ತಿ ನೋಡಿದ. ಮೊದಲು ಮೆಷಿನ್ ಕಂಡಿತು, ಆಮೇಲೆ ಅತ್ತೆಯ ತುರುಬಿನ ಸ್ಕ್ರೂಡ್ರೈವರ್ ಕಂಡಿತು. ಕೂತಿದ್ದ ಸ್ಟೂಲಿನಿಂದ ಧಡಕ್ಕನೆ ಎದ್ದು ನಿಂತ.

"ಅಮ್ಮಾ! ನೀವಾ?"

"ನೀನೇನೋ ಇಲ್ಲಿ?" ಎಂದರು ಅತ್ತೆ. "ಪಂಪಿನ ವರ್ಕ್‌ಶಾಪಲ್ಲಿ ನನ್ನ ಬೆಂಚಿನ ಪಕ್ಕ ಇದ್ದೋನು ನೀನೇ ಅಲ್ವೇನೋ? ನಟ್ಟು ಉಲ್ಟಾ ತಿರುಗಿಸೋನು?"

"ಈಗ ಸರಿಯಾಗಿ ತಿರುಗಿಸ್ತೀನಮ್ಮ," ಎಂದ ಗ್ರೀಸಣ್ಣ ಕ್ಷೀಣ ಧ್ವನಿಯಲ್ಲಿ. ಸೊಸೆಯ ಕಡೆ ಅವನು ಬೀರಿದ ನೋಟದಲ್ಲಿ ಕ್ಷಮೆ ಕೇಳುವುದೂ ಇತ್ತು, ಬೈಯುವುದೂ ಇತ್ತು.

ಇಂಜಿನ್ ಬಿಚ್ಚಿದ್ದಾಯಿತು. ಗ್ರೀಸಣ್ಣ ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಆಡಿಸಿದ. ಉಗುರು ತಡೆದು ನಿಂತಿತು. ಮತ್ತೆ ಆಡಿಸಿದ, ಮತ್ತೆ ನಿಂತಿತು. ರಿಂಗು ಸವೆದದ್ದಷ್ಟೇ ಅಲ್ಲ, ಗೋಡೆಯನ್ನೇ ತಿಂದುಹಾಕಿತ್ತು. ಹೊಸ ರಿಂಗು ಹಾಕಿದರೂ ಪ್ರಯೋಜನವಿಲ್ಲ ಎಂಬುದು ಬೆಂಚಿನ ಸುತ್ತ ನಿಂತ ಎಲ್ಲರಿಗೂ ತಿಳಿಯಿತು.

"ಹೇಳೋ," ಎಂದರು ಅತ್ತೆ. "ಬದುಕಿದೆಯೋ, ಸತ್ತಿದೆಯೋ?"

ಗ್ರೀಸಣ್ಣ ಬಟ್ಟೆಯಿಂದ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಅಮ್ಮಾ... ಸ್ವಲ್ಪ ಸುಸ್ತಾಗಿದೆ."

"ಸುಸ್ತಾ?"

"ತುಂಬಾ ಸುಸ್ತಾಗಿದೆ."

"ಸಿಲಿಂಡರಿನ ಗೋಡೆ ಸವೆದ್ರೆ ಏನು ಮಾಡ್ಬೇಕು ಅಂತ ಹೇಳಿಕೊಟ್ಟಿದ್ದೆ ನಿನಗೆ?"

"ಸಿಲಿಂಡರನ್ನ ಒಳಗಿಂದ ಕೊರೆಸಿ ಅಗಲ ಮಾಡಿ, ಒಂದು ಅಳತೆ ದಪ್ಪ ಪಿಸ್ಟನ್ ಹಾಕು ಅಂತ."

"ಮತ್ತೆ?"

"ಹಾಕ್ತೀನಮ್ಮ," ಎಂದ ಗ್ರೀಸಣ್ಣ. ಆಮೇಲೆ ತಡೆಯಲಾರದೆ ಸೊಸೆಯ ಕಡೆ ತಿರುಗಿ, "ಅಕ್ಕ, ನನ್ನ ಕೈಲಾದಷ್ಟು ನೋಡ್ದೆ," ಎಂದುಬಿಟ್ಟ.

ಅತ್ತೆ ಗ್ರೀಸಣ್ಣನನ್ನು ನೋಡಿದರು, ಸೊಸೆಯನ್ನು ನೋಡಿದರು, ಬೆಂಚಿನ ಮೇಲೆ ಹರಡಿದ್ದ ಇಂಜಿನ್ನಿನ ಕರುಳುಗಳನ್ನು ನೋಡಿದರು. ಸೀರೆ ಕೊಡವಿಕೊಂಡು ಮನೆಯ ಕಡೆ ಹೊರಟರು. ಗೇಟಿನ ಹತ್ತಿರ ಬಂದ ಮೇಲೆ, ಬೇರೆಲ್ಲೋ ನೋಡುತ್ತ, "ಎರಡು ಸಲ ಕಾಫಿ ಕೊಟ್ಟಾಗಲೇ ಅಂದ್ಕೊಂಡೆ," ಎಂದರು.

ಇಂಜಿನ್ ವರ್ಕ್‌ಶಾಪಿನಲ್ಲೇ ಉಳಿಯಿತು. ಹಾಗಾಗಿ ಮರುದಿನದ ಭಾನುವಾರ ಬರಿದೇ ಬಂತು.

ಸೊಸೆ ಅಭ್ಯಾಸಬಲದಿಂದ ಎಂದಿನ ಹೊತ್ತಿಗೇ ಕಣ್ಣು ಬಿಟ್ಟಳು. ಎಳೆಯಲು ಹಗ್ಗವಿಲ್ಲ ಎಂಬುದು ನೆನಪಾಯಿತು. ಮಗ್ಗುಲಾದಳು. ಆಮೇಲೆ ಎಚ್ಚರವಾದಾಗ ಬಿಸಿಲು ಕಿಟಕಿಯಿಂದ ಇಳಿದು, ನೆಲ ದಾಟಿ, ಮಂಚದ ಕಾಲು ಹತ್ತಿ ಅವಳ ಪಾದದ ಮೇಲೆ ಕೂತಿತ್ತು. ಹಾಸಿಗೆ ತನ್ನ ಮೈಯ ಆಕಾರಕ್ಕೇ ತಗ್ಗಾಗಿದೆ ಎಂಬುದನ್ನು ಇಷ್ಟು ವರ್ಷಗಳಲ್ಲಿ ಮೊದಲ ಸಲ ಗಮನಿಸಿದಳು. ತೋಳುಗಳು ನೋಯುತ್ತಿರಲಿಲ್ಲ. ಎಲ್ಲೋ ಪಾತ್ರೆಯ ಸದ್ದು, ಮಗಳ ನಗು, ಅಷ್ಟೇ. ಹೀಗೂ ಒಂದು ಬೆಳಗು ಇರುತ್ತದೆ, ಇದು ಪ್ರತಿ ವಾರ ಈ ಮನೆಗೆ ಬಂದು, ತನ್ನನ್ನು ಅಂಗಳದಲ್ಲಿ ಕಂಡು ಹಾಗೇ ಹಿಂದಿರುಗಿದೆ ಎನ್ನಿಸಿ ಅವಳಿಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಮುಂದಿನ ವಾರವೆಲ್ಲ ಅತ್ತೆ ಮನೆಯಲ್ಲಿ ನಿಲ್ಲಲಿಲ್ಲ. ಡಬ್ಬಿ ಕಟ್ಟಿಕೊಂಡು ವರ್ಕ್‌ಶಾಪಿಗೆ ಹೋದರು. ಗ್ರೀಸಣ್ಣನಿಗೆ ಬೈಯುತ್ತ, ಪಿಸ್ಟನ್ ಕೂರಿಸುತ್ತ, ವಾಲ್ವು ಉಜ್ಜುತ್ತ ಮೊಣಕಾಲಿನ ನೋವನ್ನೇ ಮರೆತರು. ಮನೆಗೆ ಬಂದರೆ ಊಟದ ಹೊತ್ತಿಗೂ ಅದೇ ಮಾತು. ಇತ್ತ ಹುಲ್ಲು ಮೆಲ್ಲಮೆಲ್ಲನೆ ಪಾದ ದಾಟಿ ಹೋಯಿತು.

"ಹೊಸದರ ಅಪ್ಪನಂಗೆ ಓಡುತ್ತೆ, ನೋಡ್ತಿರು," ಎನ್ನುತ್ತಿದ್ದರು ಅತ್ತೆ ಸೊಸೆಗೆ. "ಇನ್ನು ನಿನ್ನ ಮಗಳ ಕಾಲದವರೆಗೂ ಚಿಂತೆ ಇಲ್ಲ."

ಸೊಸೆಯ ಚಿಂತೆ ಅದೇ ಆಗಿತ್ತು.

ಮರು ಭಾನುವಾರ ಬೆಳಗ್ಗೆ, ಎಂದಿನ ಹೊತ್ತಿಗೆ, ಅವಳ ಕಿಟಕಿಯ ಕೆಳಗೇ ಇಂಜಿನ್ ಎದ್ದಿತು. ಒಂದೇ ಎಳೆತಕ್ಕೆ. ಕೆಮ್ಮಿಲ್ಲ, ಹೊಗೆಯಿಲ್ಲ, ತುಂಬಿದ ಗಂಟಲಿನ ಒಂದೇ ಸಮನಾದ ನಾದ. ಸೊಸೆ ಎದ್ದು ಹೊರಗೆ ಬಂದಳು. ಅತ್ತೆ ಎದೆ ಉಬ್ಬಿಸಿಕೊಂಡು ನಿಂತಿದ್ದರು. ಹಿಡಿಕೆಯನ್ನು ಅವಳ ಕಡೆ ತಿರುಗಿಸಿ, "ಹಿಡಿ!" ಎಂದು ಕೂಗಿದರು. ಕೂಗದಿದ್ದರೆ ಆ ಸದ್ದಿನಲ್ಲಿ ಕೇಳುವಂತಿರಲಿಲ್ಲ.

ಸೊಸೆ ಹಿಡಿಕೆಯನ್ನು ನೋಡಿದಳು. ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಸುತ್ತಿಕೊಂಡಳು.

"ಅತ್ತೆ, ನಾನು ಕತ್ತರಿಸಲ್ಲ!"

"ಏನಂದೆ?"

"ಕತ್ತರಿಸಲ್ಲ!"

ಮೇಷ್ಟರ ಮನೆಯ ಕಿಟಕಿ ತೆರೆಯಿತು. ಎದುರು ಮನೆಯವರು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ಅತ್ತೆಗೆ ಇಂಜಿನ್ ನಿಲ್ಲಿಸಲು ಮನಸ್ಸಿಲ್ಲ, ಸೊಸೆಗೆ ಧ್ವನಿ ತಗ್ಗಿಸಲು ಉಪಾಯವಿಲ್ಲ. ಹೀಗಾಗಿ ಮನೆಯೊಳಗೆ ಪಿಸುಗುಟ್ಟಬೇಕಾದ ಮಾತುಗಳೆಲ್ಲ ಬೀದಿಗೆ ಬಂದವು.

"ಯಾಕೇ? ಇನ್ನೂ ಸತ್ತಿದೆ ಅಂತೀಯಾ?"

"ಇಲ್ಲ ಅತ್ತೆ! ಬದುಕಿದೆ! ಚೆನ್ನಾಗಿ ಬದುಕಿದೆ! ನಿಮ್ಮ ಕೈಗೆ ಯಾರೂ ಸಾಟಿ ಇಲ್ಲ!"

"ಮತ್ತೆ ಬದುಕಿರೋವರೆಗೂ ಕತ್ತರಿಸ್ತೀನಿ ಅಂದಿದ್ದೆ!"

"ಅಂದಿದ್ದೆ!"

"ಮಾತು ಕೊಟ್ಟಿದ್ದೆ!"

"ಕೊಟ್ಟಿದ್ದೆ! ಅದು ಸಾಯೋದನ್ನೇ ಕಾಯ್ತಿದ್ದೆ ಅತ್ತೆ ಇಷ್ಟು ವರ್ಷ! ಇನ್ನು ಕಾಯಲ್ಲ! ನೀವು ರಿಪೇರಿ ಮಾಡಿ, ನೂರು ವರ್ಷ ಮಾಡಿ, ಸಂತೋಷ! ನನಗೆ ನಿದ್ದೆ ಬೇಕು!"

ಇಂಥ ಮಾತು ಸೊಸೆಯ ಬಾಯಿಂದ ಬರುತ್ತದೆಂದು ಅತ್ತೆ ಎಣಿಸಿರಲಿಲ್ಲ. ನಿಜ ಹೇಳಬೇಕೆಂದರೆ ಸೊಸೆಯೂ ಎಣಿಸಿರಲಿಲ್ಲ. ಅತ್ತೆ ಏನೋ ಹೇಳಲು ಹೊರಟು, ನಡುವೆ ತಡೆದು, ತಲೆ ಓರೆ ಮಾಡಿ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟರು. ಅವರ ಮುಖದಲ್ಲಿ ಸಿಟ್ಟು ಹೋಗಿ ಗಾಬರಿ ಬಂತು.

"ಹೊಸ ರಿಂಗು ಕಣೇ! ಸುಮ್ಮನೆ ಓಡಿಸಿಕೊಂಡು ನಿಲ್ಲಬಾರದು! ಹುಲ್ಲು ಕತ್ತರಿಸ್ತಾ ಭಾರ ಬೀಳ್ಬೇಕು ಅದರ ಮೇಲೆ, ಇಲ್ಲದಿದ್ರೆ ರಿಂಗು ಒಳಗೆ ಸರಿಯಾಗಿ ಕೂರಲ್ಲ!"

ಸೊಸೆ ಕೈಯನ್ನು ಸೆರಗಿನಿಂದ ತೆಗೆಯಲಿಲ್ಲ.

ಮಾಡುವುದೇನು? ಅತ್ತೆ ತಾವೇ ಹಿಡಿಕೆ ಹಿಡಿದರು. ಎಷ್ಟೋ ಇಂಜಿನ್ನುಗಳಿಗೆ ಜೀವ ಕೊಟ್ಟಿದ್ದ ಅವರು ತಮ್ಮ ಜೀವಮಾನದಲ್ಲಿ ಒಂದೆಳೆ ಹುಲ್ಲನ್ನೂ ಕತ್ತರಿಸಿದವರಲ್ಲ. ಮೆಷಿನ್ ಗಿಡದ ಪಾತಿಯ ಕಡೆ ಹೊರಟಿತು. ಅತ್ತೆ ಅದರ ಹಿಂದೆ ಹೊರಟರು. "ಅಮ್ಮಾ, ಮೊಣಕಾಲು!" ಎನ್ನುತ್ತ ಮಗ ರಾತ್ರಿಯ ಬಟ್ಟೆಯಲ್ಲೇ ಓಡಿಬಂದು ಹಿಡಿಕೆಯ ಇನ್ನೊಂದು ಪಕ್ಕ ಹಿಡಿದ.

"ಕಲ್ಲು ನೋಡೋ!"

"ನೋಡ್ತಿದೀನಮ್ಮ!"

"ಇಂಜಿನ್ನನ್ನ ಹೆದರಿಸಬೇಡ! ಮೆತ್ತಗೆ!"

"ನಾನೆಲ್ಲಿ ಹೆದರಿಸ್ದೆ? ಅದೇ ನನ್ನ ಹೆದರಿಸ್ತಿದೆ!"

ಹೀಗೆ ತಾಯಿ ಮಗ ಇಬ್ಬರೂ ಒಂದೇ ಹಿಡಿಕೆಗೆ ಜೋತುಬಿದ್ದು, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಎಳೆಯುತ್ತ, ಅಂಗಳದ ಮೇಲೆ ಹಾವಿನಂಥ ಒಂದು ದಾರಿ ಕೊರೆದರು. ಹುಲ್ಲು ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಇದ್ದ ಹಾಗೇ. ಮೇಷ್ಟರು ಕಿಟಕಿಯಿಂದ ನೋಡಿ, "ಎಡಕ್ಕೆ, ಎಡಕ್ಕೆ," ಎಂದು ಸಲಹೆ ಕೊಡತೊಡಗಿದರು. ಮಗಳು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಚಿತ್ರ ತೆಗೆದಳು.

ಸೊಸೆ ಸ್ವಲ್ಪ ಹೊತ್ತು ನೋಡಿದಳು. ಹೋಗಿ ಹಿಡಿಕೆ ಕಸಿದುಕೊಂಡರೆ ಚಿಟಿಕೆ ಹೊಡೆಯುವಷ್ಟರಲ್ಲಿ ಅಂಗಳ ನೆಟ್ಟಗಾಗುತ್ತಿತ್ತು. ಕಾಲು ಒಂದು ಹೆಜ್ಜೆ ಮುಂದೆ ಇಟ್ಟಿತು ಕೂಡ. ಅವಳು ಅದನ್ನು ಹಿಂದಕ್ಕೆ ಕರೆದುಕೊಂಡು ಒಳಗೆ ಹೋಗಿ, ಕಿಟಕಿ ಮುಚ್ಚಿ, ಹೊದಿಕೆ ಎಳೆದುಕೊಂಡಳು. ಇಂಜಿನ್ನಿನ ಸದ್ದು ಗೋಡೆ ದಾಟಿ ಬರುತ್ತಿತ್ತು. ಅದರಲ್ಲೇ ನಿದ್ದೆ ಹತ್ತಿತು.

ಮೆಷಿನ್ ಬದುಕಿತ್ತು. ಹುಲ್ಲನ್ನು ಸೊಸೆ ಕತ್ತರಿಸಲಿಲ್ಲ. ಕೊಟ್ಟ ಮಾತು ಮುರಿಯಿತು.